ಥ್ರಸ್ಟ್ ಬೇರಿಂಗ್ ಎಷ್ಟು ಸ್ಟಾಕ್ ಇಡ್ಬೇಕು? ನಾನು ಪಾಯ್ಸನ್ ಲೆಕ್ಕ ಹಾಕಿದ್ದು ಹೀಗೆ

ದಾವಣಗೆರೇಲಿ ಸಬ್‌ಮರ್ಸಿಬಲ್ ಪಂಪಿನ ಸ್ಪೇರ್ಸ್ ಅಂಗಡಿ ನಮ್ದು, ಜಾಸ್ತಿ ಬರೋರು ಚನ್ನಗಿರಿ, ಜಗಳೂರು, ಹೊಳಲ್ಕೆರೆ ಕಡೆ ಬೋರ್ ಹಾಕ್ಸಿರೋ ರೈತರು. ಥ್ರಸ್ಟ್ ಬೇರಿಂಗ್ ಅಂದ್ರೆ ಪಂಪ್ ತಿರುಗುವಾಗ ಶಾಫ್ಟಿನ ಉದ್ದಕ್ಕೆ ಬೀಳೋ ಭಾರ ಹೊರೋ ಭಾಗ. ಅಡಿಕೆ ಒಣಗ್ತಿರುವಾಗ "ಅಣ್ಣಾ, ಥ್ರಸ್ಟ್ ಬೇರಿಂಗ್ ಐತೇನು?" ಅಂತ ಬಂದೋರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ, ಎಲ್ಲಾ ಸೈಜೂ ಡಜನ್‌ಗಟ್ಟಲೆ ತಂದಿಟ್ರೆ ದುಡ್ಡೆಲ್ಲ ಕಪಾಟಲ್ಲೇ ಕೂತ್ಬಿಡುತ್ತೆ. ಕೊಯಮತ್ತೂರಿಂದ ಮಾಲು ಬರೋಕೆ ಒಂದ್ ವಾರ, ಅಂದ್ರೆ ಒಂದ್ ವಾರಕ್ಕೆ ಎಷ್ಟಿದ್ರೆ ಸಾಕು ಅನ್ನೋದೇ ಪ್ರಶ್ನೆ.

ಬಿಲ್ ಬುಕ್ ತೆಗೆದು ವಾರವಾರ ಹೋಗಿರೋದನ್ನ ಬರ್ಕೊಂಡೆ, ಇಲ್ಲ ಅಂತ ವಾಪಸ್ ಕಳ್ಸಿದ್ದೂ ಸೇರಿಸ್ಬೇಕು, ಅದಕ್ಕೆ ಬೇರೆ ನೋಟ್‌ಬುಕ್ ಇದೆ. ಜಾಸ್ತಿ ಓಡೋ ಸೈಜು ಸರಾಸರಿ ವಾರಕ್ಕೆ 2. ಒಬ್ಬ ರೈತನ ಬೇರಿಂಗ್ ಸವೆಯೋದಕ್ಕೂ ಇನ್ನೊಬ್ಬರದಕ್ಕೂ ಸಂಬಂಧ ಇಲ್ಲ, ಅವರವರ ಬೋರಿನ ಮರಳು, ಅವರವರ ಲೋಡು. ಇಂಥ ಕಡೆ ಪಾಯ್ಸನ್ ಸೂತ್ರ ಸರಿಯಾಗಿ ಕೂರುತ್ತೆ, ಸರಾಸರಿ ಒಂದು ಗೊತ್ತಿದ್ರೆ ಒಂದ್ ವಾರದಲ್ಲಿ ಸೊನ್ನೆ, ಒಂದು, ಎರಡು ಹೀಗೆ ಹೋಗೋ ಸಂಭವ ಎಷ್ಟೆಷ್ಟು ಅಂತ ಹೇಳೋ ಸೂತ್ರ ಅದು.

ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಇ ಅನ್ನೋ ಸಂಖ್ಯೆ, 2.718, ಅದರ ಮೈನಸ್ 2ನೇ ಘಾತ ತಗೊಂಡ್ರೆ 0.1353, ಅದು ಯಾರೂ ಕೇಳದೇ ಇರೋ ವಾರದ ಸಂಭವ. ಅದನ್ನ 2ರಿಂದ ಗುಣಿಸಿ 1ರಿಂದ ಭಾಗಿಸಿದ್ರೆ ಒಂದೇ ಹೋಗೋ ಸಂಭವ 0.2707, ಅದನ್ನ ಮತ್ತೆ 2ರಿಂದ ಗುಣಿಸಿ 2ರಿಂದ ಭಾಗಿಸಿದ್ರೆ ಎರಡಕ್ಕೂ ಅಷ್ಟೇ, ಆಮೇಲೆ ಹಂಗೇ ಮೂರಕ್ಕೆ 0.1804, ನಾಲ್ಕಕ್ಕೆ 0.0902. ಎಲ್ಲಾ ಕೂಡಿದ್ರೆ ಸುಮಾರು 0.947. ನಾಲ್ಕು ಇಟ್ರೆ ನೂರಕ್ಕೆ 95 ವಾರ ಯಾರೂ ಬರಿಗೈಲಿ ಹೋಗಲ್ಲ.

ನಂಗೆ ತುಂಬಾ ಹಿಡಿಸಿದ್ದು ಬೇಸಿಗೆ ಲೆಕ್ಕ. ಆಗ ಸರಾಸರಿ 4 ಆಗುತ್ತೆ, ಡಬಲ್. ಆದ್ರೆ ಅದೇ 95ಕ್ಕೆ ಬೇಕಾಗೋದು 7, ಎಂಟಲ್ಲ. ಬೇಡಿಕೆ ಡಬಲ್ ಆದ ಮಾತ್ರಕ್ಕೆ ಸ್ಟಾಕ್ ಡಬಲ್ ಮಾಡ್ಬೇಕಿಲ್ಲ.

ಇದನ್ನ ನಂಬೋ ಮುಂಚೆ ಒಂದು ಪರೀಕ್ಷೆ ಮಾಡ್ಲೇಬೇಕು. ಪಾಯ್ಸನ್‌ನಲ್ಲಿ ಸರಾಸರಿ ಮತ್ತೆ ವೇರಿಯನ್ಸ್ (ಒಂದೊಂದು ಎಣಿಕೆ ಸರಾಸರಿಯಿಂದ ಎಷ್ಟು ದೂರ ಅನ್ನೋದರ ವರ್ಗ ತಗೊಂಡು, ಅವುಗಳ ಸರಾಸರಿ) ಒಂದೇ ಇರುತ್ತೆ. 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ ತೋರಿಸಿದ ಪ್ರಷ್ಯಾ ಸೈನ್ಯದ ಲೆಕ್ಕ ನೋಡಿ, ಕುದುರೆ ಒದ್ದು ಸತ್ತವರದು: ಒಂದೊಂದು ದಳಕ್ಕೆ ಒಂದೊಂದು ವರ್ಷ ಅಂತ ಒಟ್ಟು 200 ಎಣಿಕೆ, ಸಾವು 122, ಸರಾಸರಿ 0.61, ವೇರಿಯನ್ಸೂ ಹೆಚ್ಚುಕಮ್ಮಿ ಅಷ್ಟೇ. ಒಬ್ಬರೂ ಸಾಯದೇ ಇದ್ದ ಎಣಿಕೆ 109, ಸೂತ್ರ ಹೇಳೋದು 108.7! ನಮ್ಮ ಬೇರಿಂಗ್ ಲೆಕ್ಕದಲ್ಲೂ ಸರಾಸರಿ, ವೇರಿಯನ್ಸ್ ಎರಡೂ ಹತ್ತಿರ ಹತ್ತಿರ ಬಂತು, ಆಮೇಲೇ ಧೈರ್ಯವಾಗಿ ಆರ್ಡರ್ ಕೊಟ್ಟಿದ್ದು.

ಸ್ಟಾರ್ಟರ್ ಕಾಯಿಲ್‌ಗೆ ಮಾತ್ರ ಇದು ನಡೆಯಲ್ಲ. ವೋಲ್ಟೇಜ್ ಏರಿಳಿದ್ರೆ ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ನಾಲ್ಕೈದು ಜನರದ್ದು ಒಟ್ಟಿಗೇ ಸುಡುತ್ತೆ, ವಾರಗಟ್ಲೆ ಒಂದೂ ಹೋಗಲ್ಲ, ಆಮೇಲೆ ಒಂದೇ ದಿನ ಸಾಲಾಗಿ ಬರ್ತಾರೆ, ವೇರಿಯನ್ಸ್ ಸರಾಸರಿಗಿಂತ ಎಷ್ಟೋ ಮೇಲೆ. ಅಲ್ಲಿ ಪಾಯ್ಸನ್ ಹಾಕಿದ್ರೆ ಬೇಕಾದ ದಿನವೇ ಡಬ್ಬ ಖಾಲಿ ಇರುತ್ತೆ, ಅದಕ್ಕೆ ಕಾಯಿಲ್ ಮಟ್ಟಿಗೆ ಸೂತ್ರ ಬಿಟ್ಟು ಹಿಂದೆ ಒಂದೇ ದಿನ ಅತಿ ಹೆಚ್ಚು ಹೋಗಿದ್ದೆಷ್ಟೋ ಅಷ್ಟು ಯಾವಾಗ್ಲೂ ಇಟ್ಟಿರ್ತೀನಿ.