ಕಿವಿಯ ಜೊತೆ ಕಣ್ಣೂ ಮಂಜಾಗುತ್ತಿದೆಯೇ? ಜೀನ್ ಪರೀಕ್ಷೆ ಹೀಗೆ ಮಾಡಿಸಿ

ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ನಡೆಯಲು ಕಲಿತದ್ದು ಒಂದೂವರೆ ವರ್ಷ ದಾಟಿದ ಮೇಲೆ. ಎಂಟು-ಹತ್ತು ವರ್ಷಕ್ಕೆ ಬರುವಾಗ, ಕತ್ತಲಾದರೆ ಮೆಟ್ಟಿಲು ಎಡವುತ್ತದೆ, ಎದುರಿಗಿಟ್ಟ ಲೋಟಕ್ಕೆ ತಡಕಾಡುತ್ತದೆ. ಮನೆಯವರು ಇವನ್ನು ಮೂರು ಬೇರೆ ಬೇರೆ ತೊಂದರೆ ಅಂದುಕೊಳ್ಳುತ್ತಾರೆ. ಮೂರಕ್ಕೂ ಬೇರು ಒಂದೇ ಇರಬಹುದು: ಅಶರ್ ಸಿಂಡ್ರೋಮ್, ಅಂದರೆ ಜೀನಿನ ದೋಷದಿಂದ ಕಿವಿ, ಕಣ್ಣು ಮತ್ತು ಕೆಲವರಲ್ಲಿ ದೇಹದ ಸಮತೋಲನವನ್ನೂ ಕೆಡಿಸುವ ಕಾಯಿಲೆ. ಕೆಲವರಲ್ಲಿ ನಡಿಗೆ ಸರಿಯಿದ್ದು, ಇರುಳುಗಣ್ಣು ಹದಿಹರೆಯದಲ್ಲಿ ಶುರುವಾಗುತ್ತದೆ.

ಮೊದಲು ಹಳೆಯ ಕಾಗದಗಳನ್ನೆಲ್ಲ ಒಟ್ಟು ಮಾಡಿ. ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ವರದಿ), ಕಣ್ಣಿನ ವರದಿ, ಮಗು ನಡೆದ ವಯಸ್ಸು. ಅಜ್ಜ-ಅಜ್ಜಿಯ ತನಕ ಮನೆತನದಲ್ಲಿ ಯಾರಿಗೆ ಏನಿತ್ತು ಎಂದು ಬರೆದುಕೊಳ್ಳಿ. ಸಂಬಂಧದಲ್ಲೇ ಮದುವೆಯಾಗಿದ್ದರೆ ಹೇಳಲು ಸಂಕೋಚ ಬೇಡ.

ಆಮೇಲೆ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ತಜ್ಞರು) ಹತ್ತಿರ ಹೋಗಿ. ಪರೀಕ್ಷೆ ಮೊದಲು ತೊಂದರೆ ಇರುವವರಿಗೇ ಆಗಬೇಕು. ಒಂದೇ ಜೀನ್ ನೋಡಿದರೆ ಸಾಲದು. ಎಂವೈಒ7ಎ, ಯುಎಸ್‌ಎಚ್2ಎ ಹೀಗೆ ಹಲವು ಜೀನ್‌ಗಳಿಂದ ಈ ಕಾಯಿಲೆ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡುವ ಪ್ಯಾನೆಲ್ ಕೇಳಿ. ಜೀನಿನ ದೊಡ್ಡ ತುಂಡೇ ಕಳೆದುಹೋಗಿದ್ದರೂ ಸಿಗುತ್ತದಾ ಎಂದೂ ವಿಚಾರಿಸಿ. ಕೊಡಬೇಕಾದದ್ದು ಸ್ವಲ್ಪ ರಕ್ತ ಅಥವಾ ಎಂಜಲು, ಅಷ್ಟೇ.

ವರದಿ ಓದುವುದೇ ಕಷ್ಟದ ಕೆಲಸ. ಕಾಯಿಲೆ ಬರಲು ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು, ಅಮ್ಮನಿಂದ ಬಂದದ್ದೂ ಅಪ್ಪನಿಂದ ಬಂದದ್ದೂ. ವರದಿಯಲ್ಲಿ ಎರಡು ದೋಷ ಕಂಡರೂ, ಎರಡೂ ಒಂದೇ ಪ್ರತಿಯಲ್ಲಿದ್ದರೆ ಇನ್ನೊಂದು ಪ್ರತಿ ಸರಿಯಾಗಿಯೇ ಇರುತ್ತದೆ. ಅದಕ್ಕೇ ತಂದೆ-ತಾಯಿಯ ರಕ್ತವನ್ನೂ ನೋಡುತ್ತಾರೆ. ಒಂದೊಂದೇ ದೋಷ ಹೊತ್ತವರಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ತಾಯಂದಿರೇ, ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ತಂದೆ-ತಾಯಿ ಇಬ್ಬರೂ ಒಂದೇ ಜೀನಿನ ದೋಷ ಹೊತ್ತ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25ರಷ್ಟು ಇದ್ದೇ ಇರುತ್ತದೆ. ಮೊದಲ ಮಗುವಿಗೆ ಬಂತು, ಎರಡನೆಯದಕ್ಕೆ ಬರಲ್ಲ ಎಂಬ ಲೆಕ್ಕ ತಪ್ಪು.

ವರದಿಯಲ್ಲಿ ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಎಂದಿದ್ದರೆ ಅದನ್ನೇ ನಂಬಿ ಮದುವೆ, ಮಕ್ಕಳ ವಿಷಯ ತೀರ್ಮಾನಿಸಬೇಡಿ. ಏನೂ ಸಿಗಲಿಲ್ಲ ಎಂದರೂ ಕಾಯಿಲೆ ಇಲ್ಲ ಎಂದಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ದೃಷ್ಟಿ ಇರುವಾಗಲೇ ಗೊತ್ತಾದರೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ನೆರವಾಗುವಂತೆ ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಕೂರಿಸುವ ಸಾಧನ) ಬೇಗ ಹಾಕಿಸಬಹುದು. ಸನ್ನೆ, ತುಟಿಚಲನೆಯನ್ನೇ ನಂಬಿದ ಮಗುವಿಗೆ ಕಣ್ಣೂ ಮಂಕಾದರೆ ಜಾಸ್ತಿ ಕಷ್ಟ, ಅಲ್ವಾ? ಇನ್ನೊಂದು ಮಾತು: ರೆಫ್ಸಮ್ ಎಂಬ ಕಾಯಿಲೆಯೂ ಕಣ್ಣು, ಕಿವಿ ಎರಡನ್ನೂ ಕಾಡುತ್ತದೆ. ಅದನ್ನು ಆಹಾರದ ಪಥ್ಯದಿಂದ ಹತೋಟಿಯಲ್ಲಿಡಬಹುದು. ಎರಡರಲ್ಲಿ ಯಾವುದು ಎಂದು ತಿಳಿಯಲೇಬೇಕು.

ವರದಿಯ ಪ್ರತಿ ಜೋಪಾನವಾಗಿಡಿ. ಉತ್ತರ ಸಿಗದಿದ್ದರೆ ಎರಡು ವರ್ಷ ಬಿಟ್ಟು ಪರೀಕ್ಷೆಯ ಅದೇ ಜೀನ್ ಮಾಹಿತಿಯನ್ನು ಮತ್ತೆ ನೋಡಿಸಿ.