ಮಂಜೂರಾದ ವಿದ್ಯಾರ್ಥಿವೇತನ ಖಾತೆಗೆ ಬಾರದಿದ್ದಾಗ: ನನ್ನ ಅನುಭವ

ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮಗಳು ಸಲ್ಲಿಸಿದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿಯು ಕಾಲೇಜು ಮತ್ತು ಇಲಾಖೆಯ ಪರಿಶೀಲನೆಗಳನ್ನು ದಾಟಿ ಮಂಜೂರಾಯಿತಾದರೂ ಹಣ ಮಾತ್ರ ಬರಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ‘ಆಧಾರ್ ಲಿಂಕ್ ಆಗಿದೆ’ ಎಂಬ ಒಂದೇ ಉತ್ತರ. ಆ ಮಾತು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ನೇರ ನಗದು ವರ್ಗಾವಣೆಯ (ಡಿಬಿಟಿ) ಹಣವು, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್ ಸಂಖ್ಯೆಯ ಎದುರು ಯಾವ ಬ್ಯಾಂಕು ನಮೂದಾಗಿದೆಯೋ ಅಲ್ಲಿಗೇ ಹೋಗುತ್ತದೆ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕು.

ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಲ್ಲಿ ಒಟಿಪಿ ಕೊಟ್ಟು ‘ಬ್ಯಾಂಕ್ ಸೀಡಿಂಗ್’, ಅಂದರೆ ಆ ದಾಖಲೆಯಲ್ಲಿ ಆಧಾರ್‌ಗೆ ಬ್ಯಾಂಕು ಜೋಡಣೆಯಾಗಿರುವ ಸ್ಥಿತಿಯನ್ನು ನೋಡಿದಾಗ, ಹೈಸ್ಕೂಲಿನ ದಿನಗಳಲ್ಲಿ ತೆರೆದು ವಹಿವಾಟಿಲ್ಲದೆ ನಿಷ್ಕ್ರಿಯವಾಗಿದ್ದ ಖಾತೆಯ ಬ್ಯಾಂಕಿನ ಹೆಸರು ಕಾಣಿಸಿತು. ಅದರ ಪ್ರತಿಯನ್ನು ಮುದ್ರಿಸಿಕೊಂಡು, ಈಗ ಬಳಸುವ ಖಾತೆಯಿರುವ ಶಾಖೆಯಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರವನ್ನು ತುಂಬಿ, ಹಳೆಯ ಬ್ಯಾಂಕಿನಿಂದ ಬದಲಾಯಿಸಬೇಕೆಂದು ಸ್ಪಷ್ಟವಾಗಿ ಬರೆದು, ಮಗಳ ಸಹಿಯೊಂದಿಗೆ ಕೊಟ್ಟೆವು. ಸ್ವೀಕೃತಿಯ ಮುದ್ರೆಯನ್ನು ಕೇಳಿಯೇ ಹಾಕಿಸಿಕೊಳ್ಳಬೇಕು. ಕೇಳದಿದ್ದರೆ ಯಾರೂ ಹಾಕುವುದಿಲ್ಲ. ಜಾಲತಾಣದಲ್ಲಿ ಹೊಸ ಬ್ಯಾಂಕಿನ ಹೆಸರು ‘ಸಕ್ರಿಯ’ ಎಂದು ಕಾಣಿಸಿದ ನಂತರವೇ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಕಚೇರಿಗೆ ಅರ್ಜಿ ಸಂಖ್ಯೆಯ ಸಮೇತ ಮನವಿ ಕೊಟ್ಟು, ಪಾವತಿಯನ್ನು ಮತ್ತೊಮ್ಮೆ ಕಳುಹಿಸುವಂತೆ ಕೋರಿದೆವು. ಅದಾದ ಮೇಲೆ ಹಣ ಜಮೆಯಾಯಿತು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿಯೂ ಅದರ ವಿವರ ಕಾಣಿಸುತ್ತಿದೆ.