ಯಾವ ದೇಶದ ಮಾಧ್ಯಮ ಹೆಚ್ಚು ನಿಷ್ಪಕ್ಷಪಾತಿ? ನಾನು ಹೋಲಿಸಿ ನೋಡಿದ ಬಗೆ

ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ವಿದೇಶಿ ಏಜೆನ್ಸಿ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಬೇರೆ ಬೇರೆ ದೇಶಗಳ ಮಾಧ್ಯಮಗಳನ್ನು ಕ್ರಮವಾಗಿ ಹೋಲಿಸಬೇಕು ಎನ್ನಿಸಿದಾಗ 2016ರ ಜೂನ್ 23ರಂದು ಬ್ರಿಟನ್‌ನಲ್ಲಿ ನಡೆದ ಬ್ರೆಕ್ಸಿಟ್ ಜನಮತಗಣನೆಯನ್ನು ಆರಿಸಿಕೊಂಡೆ. ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎಂದವರು ಶೇ 51.9. ಈ ಅಂಕಿಯಲ್ಲಿ ಯಾರಿಗೂ ತಕರಾರಿಲ್ಲ. ಹಾಗಾಗಿ ವರದಿಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ.

ವರದಿಗಳನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಕುಳಿತೆ. ಪ್ರತಿ ವಾಕ್ಯದ ಕೆಳಗೆ ಅದನ್ನು ಹೇಳಿದವರು ಯಾರು ಎಂದು ಬರೆದೆ. ಯಾರೂ ಹೇಳದೆ ವರದಿಗಾರನೇ ಹೇಳಿದ್ದರೆ ಗೆರೆ ಎಳೆದೆ. ಎದುರು ಪಕ್ಷದ ಮಾತು ಎಷ್ಟನೇ ಪ್ಯಾರಾದಲ್ಲಿ ಬಂದಿದೆ, ತಲೆಬರಹ ಹೇಳಿದ್ದಕ್ಕೆ ವರದಿಯೊಳಗೆ ಆಧಾರವಿದೆಯೇ ಎಂದು ನೋಡಿದೆ. ಕೆಲಸ ನಿಧಾನ. ಆದರೆ ಎದುರು ಪಕ್ಷವನ್ನು ಕೊನೆಯ ಪ್ಯಾರಾಕ್ಕೆ ತಳ್ಳಿ ಸಮತೋಲನದ ಲೆಕ್ಕ ಒಪ್ಪಿಸಿರುವ ವರದಿ ಹೀಗೆ ಕುಳಿತರೆ ಮಾತ್ರ ಸಿಕ್ಕಿಬೀಳುತ್ತದೆ.

ಬ್ರಿಟನ್‌ನ ವರದಿಗಳನ್ನು ಓದುತ್ತಿದ್ದಂತೆ ದೇಶಕ್ಕೊಂದು ಸಾಲಿನಂತೆ ಮಾಡಿಕೊಂಡಿದ್ದ ನನ್ನ ಪಟ್ಟಿಯ ರೂಪವೇ ಬದಲಾಯಿತು. ಜೂನ್ 14ರಂದು 'ದಿ ಸನ್' ಒಕ್ಕೂಟ ಬಿಡಿ ಎಂದು ಮುಖಪುಟದಲ್ಲೇ ಓದುಗರಿಗೆ ಕರೆ ಕೊಟ್ಟಿತ್ತು. ಅದರ ಮಾಲೀಕ, ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಒಡೆತನದ್ದೇ ಆದ 'ದಿ ಟೈಮ್ಸ್' ಉಳಿಯಬೇಕು ಎಂದಿತು. 'ಡೈಲಿ ಮೇಲ್' ಹೊರಬರುವ ಪರ, ಅದರ ಭಾನುವಾರದ ಪತ್ರಿಕೆ ಉಳಿಯುವ ಪರ. ಬಿಬಿಸಿ ಮತ್ತು ಉಳಿದ ಸುದ್ದಿ ವಾಹಿನಿಗಳಿಗೆ ಈ ಸ್ವಾತಂತ್ರ್ಯವಿಲ್ಲ, ನಿಷ್ಪಕ್ಷಪಾತ ಕಾಯುವುದು ಅವುಗಳಿಗೆ ಕಡ್ಡಾಯ ನಿಯಮ. ಪತ್ರಿಕೆಗಳಿಗೆ ಅಂಥ ಕಟ್ಟಳೆ ಇಲ್ಲ. ಹೀಗಿರುವಾಗ 'ಬ್ರಿಟಿಷ್ ಮಾಧ್ಯಮ' ಎಂದು ಒಂದೇ ಸಾಲಿನಲ್ಲಿ ಬರೆಯುವುದು ಹೇಗೆ? ದೇಶಕ್ಕೊಂದು ಸಾಲು ಎಂಬುದನ್ನು ಕೈಬಿಟ್ಟು ಪತ್ರಿಕೆ, ಟಿವಿ, ರೇಡಿಯೊಗಳಿಗೆ ಬೇರೆ ಬೇರೆ ಸಾಲು ಮಾಡಿದೆ. ಹಣ ಯಾರದು, ಯಾವ ನಿಯಮ ಅನ್ವಯಿಸುತ್ತದೆ, ಅಭಿಪ್ರಾಯಕ್ಕೆ ಜಾಗ ಎಲ್ಲಿ ಎಂಬ ಕಲಮುಗಳನ್ನು ಸೇರಿಸಿದೆ.

ಅಮೆರಿಕದಲ್ಲಿ ಚಿತ್ರ ತಿರುವುಮುರುವು. ಅಲ್ಲಿನ ದೊಡ್ಡ ಪತ್ರಿಕೆಗಳು ಸುದ್ದಿ ವಿಭಾಗವನ್ನೂ ಸಂಪಾದಕೀಯ ವಿಭಾಗವನ್ನೂ ಬೇರ್ಪಡಿಸಿ ಇಟ್ಟಿವೆ. ವಿವಾದಾತ್ಮಕ ವಿಷಯಗಳಲ್ಲಿ ಎರಡೂ ಬದಿಯ ಮಾತಿಗೆ ಜಾಗ ಕೊಡಬೇಕೆಂದು ರೇಡಿಯೊ, ಟಿವಿಗಳ ಮೇಲೆ 1949ರಿಂದ ಇದ್ದ ನಿಯಮವನ್ನು 1987ರಲ್ಲಿ ರದ್ದುಪಡಿಸಲಾಯಿತು. ಬ್ರಿಟನ್‌ನಲ್ಲಿ ಬಹಿರಂಗವಾಗಿ ಪಕ್ಷ ವಹಿಸುವುದು ಪತ್ರಿಕೆ, ಅಮೆರಿಕದಲ್ಲಿ ಕೇಬಲ್ ಟಿವಿ.

ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಎಐನಲ್ಲಿ 1980ರ ದಶಕದಲ್ಲಿ ಮೂರು ವಾಹಿನಿಗಳು ಮೂರು ರಾಜಕೀಯ ಪಕ್ಷಗಳ ಪಾಲಾಗಿದ್ದವು. ಸ್ವೀಡನ್ 1971ರಿಂದ ದುರ್ಬಲ ಪತ್ರಿಕೆಗಳಿಗೆ, ಅವು ಯಾವ ಪಕ್ಷದ ಕಡೆಗಿದ್ದರೂ, ಸರ್ಕಾರದ ಸಹಾಯಧನ ಕೊಡತೊಡಗಿತು. ಸರ್ಕಾರದ ಹಣ ಪಡೆದ ಪತ್ರಿಕೆ ಸರ್ಕಾರದ ತುತ್ತೂರಿ ಎಂಬ ನಮ್ಮ ಎಣಿಕೆ ಅಲ್ಲಿ ನಿಲ್ಲುವುದಿಲ್ಲ.

ಎರಡೂ ಕಡೆಯವರಿಗೆ ಸಮಾನ ಜಾಗ ಕೊಟ್ಟರೆ ವಸ್ತುನಿಷ್ಠತೆ ಬಂದಂತೆ ಎಂದು ಬಹಳ ಮಂದಿ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. 2017ರ ಆಗಸ್ಟ್‌ನಲ್ಲಿ ಬಿಬಿಸಿ ರೇಡಿಯೊ ಹವಾಮಾನ ಬದಲಾವಣೆ ಕುರಿತು ಬ್ರಿಟನ್‌ನ ಮಾಜಿ ಹಣಕಾಸು ಸಚಿವ ಲಾರ್ಡ್ ಲಾಸನ್ ಅವರನ್ನು ಮಾತನಾಡಿಸಿತು. ಹಿಂದಿನ ಹತ್ತು ವರ್ಷಗಳಲ್ಲಿ ಜಾಗತಿಕ ಸರಾಸರಿ ತಾಪಮಾನ ತುಸು ಇಳಿದಿದೆ ಎಂದು ಅವರು ಹೇಳಿದರು. ಅದು ಸುಳ್ಳು, ಆದರೆ ನಿರೂಪಕರು ಪ್ರಶ್ನಿಸಲಿಲ್ಲ. ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2018ರಲ್ಲಿ ಇದನ್ನು ನಿಯಮ ಉಲ್ಲಂಘನೆ ಎಂದಿತು. ಪರಿಶೀಲಿಸಬಹುದಾದ ಅಂಕಿಗೆ 'ಎರಡು ಬದಿ' ಇರುವುದಿಲ್ಲ. ಅದನ್ನು ಪರಿಶೀಲಿಸುವುದೇ ನಮ್ಮ ಕೆಲಸ.

ಭಾರತದ ಸಾಲುಗಳನ್ನು ತುಂಬುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಾಧ್ಯಮಕ್ಕೂ ರಾಜಕೀಯಕ್ಕೂ ಇರುವ ನಂಟನ್ನು ವಿಂಗಡಿಸಲು ಸಂಶೋಧಕರಾದ ಹ್ಯಾಲಿನ್ ಮತ್ತು ಮಾನ್ಚಿನಿ 2004ರಲ್ಲಿ ಪಾಶ್ಚಾತ್ಯ ದೇಶಗಳಿಗಾಗಿ ಮಾಡಿದ ಮೂರು ಮಾದರಿಗಳಲ್ಲಿ ಯಾವುದಕ್ಕೂ ನಾವು ಪೂರ್ತಿ ಹೊಂದುವುದಿಲ್ಲ. ಖಾಸಗಿ ಸುದ್ದಿ ವಾಹಿನಿಗಳು ನೂರಾರು. ಆದರೆ ಖಾಸಗಿ ಎಫ್‌ಎಂ ಕೇಂದ್ರಗಳು ಆಕಾಶವಾಣಿಯ ವಾರ್ತೆಯನ್ನಷ್ಟೇ ಬಿತ್ತರಿಸಬಹುದು, ಸ್ವಂತ ಸುದ್ದಿ ಸಿದ್ಧಪಡಿಸುವಂತಿಲ್ಲ. ಪ್ರೆಸ್ ಕೌನ್ಸಿಲ್ ಪತ್ರಿಕೆಗೆ ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ.

ಕೊನೆಗೆ ಸೇರಿಸಿದ ಕಲಮು 'ತಿದ್ದುಪಡಿ'. ನನಗೆ ಹೆಚ್ಚು ಕಲಿಸಿದ್ದು ಅದೇ. ಸ್ವೀಡನ್‌ನಲ್ಲಿ ಓದುಗರ ದೂರು ಕೇಳಲು 1969ರಲ್ಲೇ ಪತ್ರಿಕಾ ಒಂಬುಡ್ಸ್‌ಮನ್ ಹುದ್ದೆ ಬಂತು. 'ದಿ ಗಾರ್ಡಿಯನ್' 1997ರಲ್ಲಿ, 'ದಿ ಹಿಂದೂ' 2006ರಲ್ಲಿ ಓದುಗರ ಸಂಪಾದಕರನ್ನು ನೇಮಿಸಿದವು. ಈಗ ಹೊಸ ಪತ್ರಿಕೆಯೊಂದು ಕೈಗೆ ಬಂದರೆ ಮೊದಲು ತಿದ್ದುಪಡಿಯನ್ನೇ ಹುಡುಕುತ್ತೇನೆ: ಎಷ್ಟನೇ ಪುಟದಲ್ಲಿದೆ, ತಪ್ಪೇನು ಎಂದು ಬಿಡಿಸಿ ಹೇಳಿದೆಯೇ, ಇಲ್ಲವೇ 'ವಿಷಾದಿಸುತ್ತೇವೆ' ಎಂಬಲ್ಲಿಗೇ ಮುಗಿಸಿದೆಯೇ ಎಂದು.